ಮೊದಲು ನೀರು

ಮೊದಲು ನೀರು. ಬಟ್ಟೆ ಆಮೇಲೆ. ಕೈ ಎಲ್ಲಕ್ಕಿಂತ ಆಮೇಲೆ.
ಕಾಗೋಶಿಮಾದಲ್ಲಿ ಕಾರು ತೊಳೆಯುವವರಿಗೆ
ಇದೊಂದೇ ಶಾಸ್ತ್ರ.

ಕೊಲ್ಲಿಯಾಚೆ ಸಾಕುರಾಜಿಮಾ ರಾತ್ರಿಯಿಡೀ ಕೆಮ್ಮಿದೆ.
ಟೀವಿಯ ಹುಡುಗಿ ನಿನ್ನೆಯೇ ಹೇಳಿದ್ದಳು
ಗಾಳಿ ಪೂರ್ವದಿಂದ, ಪೇಟೆಯ ಕಡೆಗೆ ಎಂದು.
ಅಂದರೆ ಒಗೆದ ಬಟ್ಟೆ ಒಳಗೆ, ಕಿಟಕಿ ಭದ್ರ,
ಅಂದರೆ ಬೆಳಗಾಗುವಾಗ ನನ್ನ ಬಿಳಿ ಡಬ್ಬಿಕಾರು
ಇಲಿಯ ಬಣ್ಣಕ್ಕೆ ತಿರುಗಿ ಕೂತಿರುತ್ತದೆ.

ಎಲ್ಲೋ ಒಂದು ದೇಶದಲ್ಲಿ ಬೂದಿ ಹಚ್ಚಿ ಪಾತ್ರೆ ಬೆಳಗುತ್ತಾರಂತೆ.
ಅದು ಸೌದೆಯ ಬೂದಿ, ಸಾಧು.
ಇದು ಕಲ್ಲು ಅರೆದ ಹಿಟ್ಟು, ಗಾಜಿನ ಮರಿ,
ಒರೆಸಲು ಹೋದರೆ ಕಚ್ಚುತ್ತದೆ.
ವೈಪರ್ ಹಾಕಿದವನು ಊರಿಗೆ ಹೊಸಬ.
ಗರಿಯ ಪೊರಕೆ ಹಿಡಿದವನು ನನ್ನ ಭಾವ,
ಒಸಾಕಾದಿಂದ ಬಂದವನು, ಉಪಕಾರಕ್ಕೆ ಹೊರಟವನು.
ಎಡಬಾಗಿಲಿನ ಮೇಲೆ ಅವನ ಉಪಕಾರ
ಇವತ್ತಿಗೂ ಗೀರುಗೀರಾಗಿ ಇದೆ.

ಪೈಪಿನ ಬಾಯನ್ನು ಹೆಬ್ಬೆರಳಿಂದ ಅರ್ಧ ಮುಚ್ಚಿ
ನೆತ್ತಿಯಿಂದ ಶುರು.
ಮೊದಲು ಕೆಸರು ಇಳಿಯುತ್ತದೆ, ಆಮೇಲೆ ಗಸಿ,
ಆಮೇಲೆ ಹಾಲು ಕದಡಿದಂಥ ನೀರು.
ಕನ್ನಡಿಯ ಸಂದಿ, ಚಕ್ರದ ಕಂಕುಳು,
ವೈಪರಿನ ಬುಡ: ಅಲ್ಲಿ ಮಾತ್ರ ಬೂದಿ
ಎಷ್ಟು ಎಬ್ಬಿಸಿದರೂ ಏಳದ ನೆಂಟ.
ಎರಡು ಬಕೆಟ್. ಒಂದರಲ್ಲಿ ನೊರೆ,
ಇನ್ನೊಂದರಲ್ಲಿ ಪಶ್ಚಾತ್ತಾಪ;
ಬಟ್ಟೆ ಜಾಲಿಸಿದಾಗಲೆಲ್ಲ ತಳದಲ್ಲಿ ಕಪ್ಪು ಕೂರುತ್ತದೆ.

ಹೊಳೆಯಲ್ಲಿ ಹುಣಸೆಹಣ್ಣು ತೊಳೆವ ಕೆಲಸ, ಗೊತ್ತು.
ಹಡಗುಕಟ್ಟೆಯ ಟಿಕೆಟ್ ಕಿಟಕಿಯಲ್ಲಿ
ಮೂವತ್ತೊಂದು ವರ್ಷ ಕೂತವಳು ನಾನು.
ಆಚೆ ಹೋದದ್ದೆಲ್ಲ ಹೊತ್ತಿಗೆ ಸರಿಯಾಗಿ ಈಚೆ ಬರುತ್ತದೆ.

ಈಗ ಬಾನೆಟ್.
ಇಲ್ಲಿ ನಾನು ಸ್ವಲ್ಪ ನಿಧಾನ.
ಈ ಕಾರು ಕೊಳೆಯಾಗಿದ್ದಾಗ ಸುಮ್ಮನಿರುತ್ತದೆ,
ತೊಳೆದೊಡನೆ ಬೈಯುತ್ತದೆ.

ಮೂರು ವರ್ಷದ ಹಿಂದೆ, ಇಂಥದೇ ಬೂದಿಯ ಬೆಳಗ್ಗೆ,
ಪಕ್ಕದ ಸಮೇಶಿಮಾ ಮನೆಯ ರಿಕುತೊ, ಆಗ ಏಳು ವರ್ಷ,
ನನ್ನ ಬದನೆ ಮಡಿಗೆ ಬಿದ್ದ ಚೆಂಡನ್ನು
ಎರಡು ದಿನ ಕೊಡಲಿಲ್ಲವೆಂಬ ಸಿಟ್ಟಿಗೆ
ಬೆರಳನ್ನೇ ಬಳಪ ಮಾಡಿ, ಬಲವಾಗಿ ಒತ್ತಿ ಬರೆದ:
ಬ. ಕ.
ಎರಡೇ ಅಕ್ಷರ. ದಡ್ಡಿ ಅನ್ನಲು ನಮ್ಮಲ್ಲಿ ಅಷ್ಟು ಸಾಕು.

ಬೂದಿ ಹರಿದು ಹೋಯಿತು, ಬೈಗುಳ ಬಣ್ಣಕ್ಕಿಳಿಯಿತು.
ಬೂದಿ ಮುಚ್ಚಿದ ಕೆಂಡ ಅನ್ನುತ್ತಾರಲ್ಲ, ಹಾಗೆ.
ನಾನು ಉಜ್ಜಿ ಉಜ್ಜಿ ಹೊಳೆಯಿಸಿದಷ್ಟೂ
ಬಿಸಿಲಿಗೆ ಓರೆಯಾಗಿ ಅದೂ ಹೊಳೆಯಿತು.
ಹೊಳಪಿಗೆ ಇಷ್ಟೊಂದು ನೆನಪಿರಬಾರದು.

ಹೋದ ವಸಂತದಲ್ಲಿ ಅವನೇ ಬಂದ,
ಹೊಸವರ್ಷದ ಕೈಗಾಸಲ್ಲಿ ಕೊಂಡ ಪಾಲಿಶ್ ಡಬ್ಬಿ ಹಿಡಿದು.
ಅಮ್ಮ ಕಳಿಸಿದ್ದಲ್ಲ ಅಂದ.
ಇನ್ನೊಮ್ಮೆ ಅಂದ, ಅಮ್ಮ ಕಳಿಸಿದ್ದಲ್ಲ.
ಕಿವಿ ಕೆಂಪು. ತಲೆ ತಗ್ಗಿಸಿ
ಚಿಕ್ಕ ಚಿಕ್ಕ ವೃತ್ತ ತಿಕ್ಕುತ್ತಲೇ ಇದ್ದ.
ಮಧ್ಯಾಹ್ನದ ಹೊತ್ತಿಗೆ ಮೊದಲ ಅಕ್ಷರ ಹೋಯಿತು.

ಆಗ ಢಂ ಅಂತು ಬೆಟ್ಟ. ಕಿಟಕಿಗಳು ಗಡಗಡ.
ಇಬ್ಬರೂ ಕತ್ತೆತ್ತಿದೆವು: ಕಪ್ಪು ಹೂಕೋಸು
ನಿಧಾನ, ನಮ್ಮ ಕಡೆಗೇ.
ಬೂದಿ ಬೀಳುವಾಗ ತಿಕ್ಕಬಾರದು.
ಸಾಕು, ಒಳಗೆ ನಡಿ, ಅಂದೆ.
ಬಾರ್ಲಿ ಚಹಾ ಕುಡಿದೆವು. ಮಾತೇನೂ ಆಗಲಿಲ್ಲ.

ಉಳಿದದ್ದು ಕ.
ನಮ್ಮಲ್ಲಿ ಅದು ಮಾತಿನ ಕೊನೆಗೆ ಸಿಕ್ಕಿಸುವ ಪ್ರಶ್ನೆ.
ಮರುವಾರ ಡಬ್ಬಿ ಹಿಡಿದು ಬಂದ ಹುಡುಗನಿಗೆ
ಇರಲಿ ಬಿಡು ಅಂದೆ.
ಹಿಂದೆ ಮುಂದೆ ವಾಕ್ಯವೇ ಇಲ್ಲದೆ
ಒಂದು ಪ್ರಶ್ನೆ ಬಾನೆಟ್ ಮೇಲೆ ಕೂತಿದೆ.
ಭಾನುವಾರಕ್ಕೊಂದು ವಾಕ್ಯ ನಾನೇ ಹೊಂದಿಸುತ್ತೇನೆ,
ನೊರೆ ಹಚ್ಚುತ್ತ, ಒಳಗೊಳಗೇ:
ಇವತ್ತು ಗಾಳಿ ತಿರುಗೀತೆ?
ಒಂದು ಚೆಂಡಿಗೆ ಎರಡು ದಿನ ಬೇಕಿತ್ತೆ?

ಧೊಪ್ಪನೆ ಸದ್ದು.
ಬದನೆ ಮಡಿಯಲ್ಲಿ ಎಲೆ ಅಲುಗಿದೆ.
ಗೋಡೆಯಾಚೆ ಉಸಿರು ಬಿಗಿಹಿಡಿದ ಮೌನ.

ನೊರೆಗೈಯಲ್ಲೇ ಎತ್ತಿ ಎಸೆದೆ.
ಹಿಡಿದಿರಬೇಕು.
ಥೂ, ಸೋಪು! ಅಂತ ಕೇಳಿಸಿತು.